ಅವ್ಯಯ

ಗ್ರೀಕ್ ನನಗೆ ಬಾರದು.
ಗಾಲ್ವೇ ಊರಿನ ಹಡಗುಕಟ್ಟೆಯ ಹಿಂದಿನ ಅಚ್ಚುಕೂಟದಲ್ಲಿ
ಮೂವತ್ತೊಂದು ವರ್ಷ ಅದರ ಮೊಳೆ ಜೋಡಿಸಿದ್ದು
ಬರೀ ಆಕಾರ ನೋಡಿ, ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ:
ಒಮೆಗಾ ಅಂದರೆ ಬಗ್ಗಿ ಆಲೂಗಡ್ಡೆ ಅಗೆಯುವವನ ಹಿಂಭಾಗ,
ಲ್ಯಾಂಬ್ಡಾ ಕಾಲಗಲಿಸಿ ನಿಂತ ಪೋಲೀಸು,
ಕ್ಸೈ, ಗಾಳ ನುಂಗಿದ ಹಾವುಮೀನು.

ಮೊದಲ ಕರಡು ಹಿಡಿದು ತಾನೇ ಬಂದಳು ಹೊನೋರಾ ಪ್ಯಾಡನ್,
ಸೈಕಲ್ ಚೈನಿನ ಎಣ್ಣೆ ಮೆತ್ತಿದ ಲಂಗದಂಚು.
"ಮಿಸ್ಟರ್ ಕೂಲಹನ್, ನಿಮ್ಮ ಉಸಿರೆಲ್ಲ ಹಿಂದುಮುಂದು."
ನಾನು ಎದೆ ಮುಟ್ಟಿ ನೋಡಿಕೊಂಡೆ.
ಅಕ್ಷರದ ನೆತ್ತಿಯ ಕೊಕ್ಕೆಗೆ ಅವರಲ್ಲಿ ಉಸಿರೆಂದೇ ಹೆಸರಂತೆ,
ಬಲಕ್ಕೆ ಬಾಯಿ ತೆರೆದರೆ ಒರಟು, ಎಡಕ್ಕಾದರೆ ನಯ.
ಇಡೀ ಪುಟ ಬಿಚ್ಚಿ ಮತ್ತೆ ಕಟ್ಟಿದೆ.

ಮಿಕ್ಕಿದ್ದು ತಿಳಿದದ್ದು ಶಾಯಿ ಒಣಗುವ ಹೊತ್ತಿನಲ್ಲಿ, ಚೂರು ಚೂರು.
ಮೇಯೋ ಸೀಮೆಯ ಪಡುವಣ ತುದಿ, ಎರಿಸ್;
ಅಪ್ಪ ಕಡಲಕಳೆ ಸುಟ್ಟು ಬೂದಿಗಟ್ಟಿ ಮಾರುತ್ತಿದ್ದವ.
ಶಾಲೆಗೆ ಬರುವ ಮಗು ಕಂಕುಳಲ್ಲೊಂದು ಪೀಟ್ ಹೆಂಟೆ ತರಬೇಕು ಒಲೆಗೆ;
ಹಸಿ ಹೆಂಟೆ ತಂದವರಿಗೆ ಹಿಂದಿನ ಬೆಂಚು.
ಇವಳದು ಯಾವಾಗಲೂ ಹಸಿ.
ಪಾದ್ರಿಯಾಗಲು ಹೋಗಿ ಅರ್ಧಕ್ಕೆ ಮರಳಿದ ಮೇಷ್ಟ್ರು
ಬೇರೆಯವರು ಬಾಟಲಿ ಬಚ್ಚಿಡುವಂತೆ ಲ್ಯಾಟಿನ್ ಬಚ್ಚಿಟ್ಟಿದ್ದ,
ಸಂಜೆ ಹಿಂದಿನ ಬೆಂಚಿಗೆ ಬಂದು ಅದನ್ನೇ ಬಗ್ಗಿಸಿ ಕೊಟ್ಟ.
ಅಲ್ಲಿಂದ ವಿದ್ಯಾರ್ಥಿವೇತನ, ಡಬ್ಲಿನ್, ಒಂದು ಚಿನ್ನದ ಪದಕ,
ಅದು ಅಪ್ಪನ ದೋಣಿಯ ಸಾಲಕ್ಕೆ ಅಡವು.
ಆಮೇಲೆ ನಮ್ಮೂರ ಕಾಲೇಜು: ಐರಿಷ್ ಮಾತಿನಲ್ಲಿ ಗ್ರೀಕ್ ಪಾಠ,
ಏಳು ಹುಡುಗರು, ಅವರಲ್ಲೊಬ್ಬ ನಿದ್ದೆಗಾರ.

ಬೇರೆ ಪಂಡಿತರು ಯುದ್ಧ ಹಿಡಿದರು, ದೊರೆಗಳನ್ನು ಹಿಡಿದರು.
ಇವಳು ಹಿಡಿದದ್ದು ಲಿಂಗವಿಲ್ಲದ, ವಚನವಿಲ್ಲದ,
ಯಾವ ವಿಭಕ್ತಿಗೂ ಬಗ್ಗದ ಪುಡಿ ಪದಗಳನ್ನು:
ಅಂತೂ, ತಾನೆ, ಆದರೋ, ಹಾಗಿದ್ದರೆ.
"ದೊಡ್ಡ ಪದದಲ್ಲಿ ಸುಳ್ಳು ಹೇಳುತ್ತಾರೆ, ಮಿಸ್ಟರ್ ಕೂಲಹನ್,
ಸಣ್ಣದರಲ್ಲಿ ಸಿಕ್ಕಿಬೀಳುತ್ತಾರೆ."
ಅವ್ಯಯಗಳ ಕೋಶ ಅದು. ಪ್ರತಿ ಮಾರ್ಚಿಗೂ
ಕಾಲೇಜಿನ ಖಜಾಂಚಿ ಕೇಳುತ್ತಿದ್ದುದು ವ್ಯಯದ ಲೆಕ್ಕ.

ಬ್ಯಾಲಿನಸ್ಲೋದ ದನದ ಡಾಕ್ಟರೊಬ್ಬ ಏಳು ವರ್ಷ ಕಾದ.
ಮದುವೆಯಾದರೆ ಹೆಂಗಸು ನೌಕರಿ ಬಿಡಬೇಕಿದ್ದ ಕಾಲ.
ಐರಿಷಿನಲ್ಲಿ ಹೌದು ಎಂಬ ಪದವಿಲ್ಲ, ಇಲ್ಲ ಎಂಬುದೂ ಇಲ್ಲ;
ಕೇಳಿದ ಕ್ರಿಯಾಪದವನ್ನೇ ಎತ್ತಿ ಮರಳಿಸಬೇಕು.
ಆಗುತ್ತೀಯಾ ಅಂದ.
ಆಗೆನು ಅಂದಳು.
ಅದನ್ನು ನನಗೆ ಹೇಳುತ್ತ ಒದ್ದೆ ಕರಡಿನ ಮೇಲೆ ಕೈಯೂರಿಬಿಟ್ಟಳು.
ಅಂಗೈ ತುಂಬ ಗ್ರೀಕು, ನನ್ನ ಮೊಳೆಗಳ ಹಾಗೇ ತಿರುಗುಮುರುಗು.

ಐವತ್ತನಾಲ್ಕರಲ್ಲಿ ಮೊದಲ ಸಂಪುಟ, ಮುನ್ನೂರು ಪ್ರತಿ,
ಮಾರಿದ್ದು ನಲವತ್ತೊಂದು.
ವಿಯೆನ್ನಾದಿಂದ ಒಬ್ಬ ಪ್ರೊಫೆಸರರ ಕಾಗದ:
ಇನ್ನೂರ ಹನ್ನೆರಡನೆಯ ಪುಟದ ಕೊನೆಯ ಉದಾಹರಣೆ
ಯಾವ ಕವಿಯದು? ಎಲ್ಲೂ ಸಿಗುತ್ತಿಲ್ಲ.
ಸಿಗುವುದೆಲ್ಲಿಂದ. ಕರಡಿನ ಅಂಚಿನಲ್ಲಿ
ಆಕೆ ತನಗೆಂದು ಗೀಚಿಕೊಂಡಿದ್ದ ನಾಲ್ಕು ಪದ;
ಕೆಂಪಿನಲ್ಲಿದ್ದದ್ದೆಲ್ಲ ತಿದ್ದುಪಡಿ ಅಂದುಕೊಂಡು ಜೋಡಿಸಿಬಿಟ್ಟಿದ್ದೆ,
ಉಸಿರು ಸಮೇತ, ಒಂದೂ ತಪ್ಪಿಲ್ಲದೆ.
ಅಮ್ಮ, ಆಮೇಲೊಂದು ಸಣ್ಣ ಪದ, ಇವತ್ತು ಹೋದಳು.

ತಪ್ಪುಒಪ್ಪಿನ ಚೀಟಿ ಅಚ್ಚು ಹಾಕುತ್ತೇನೆ ಅಂದೆ. ಬೇಡವೆಂದಳು.
ವಿಯೆನ್ನಾಕ್ಕೆ ಬರೆದದ್ದು ಇಷ್ಟೇ: ಎರಿಸ್, ಬಾಯಿಮಾತು.

ಕೋಶ ಮುಗಿಯಲಿಲ್ಲ. ಮ್ಯೂ ಅಕ್ಷರಕ್ಕೆ ನಿಂತಿತು;
ಮುಂದಿನ ಚೀಟಿಗಳು ಬಿಸ್ಕತ್ತಿನ ಡಬ್ಬಗಳಲ್ಲಿ, ಗ್ರಂಥಾಲಯದ ನೆಲಮಾಳಿಗೆಯಲ್ಲಿ.
ಮಣ್ಣಿಗೆ ಬಂದವರು ಹದಿನಾಲ್ಕು ಮಂದಿ.
ಆ ನಿದ್ದೆಗಾರ ಬಿಷಪ್ ಆಗಿದ್ದ, ಎಚ್ಚರವಾಗಿದ್ದ, ಅತ್ತ.
ಮರುವರ್ಷ ಅಚ್ಚುಕೂಟದ ಸೀಸವನ್ನೆಲ್ಲ ಕರಗಿಸಲು ಒಯ್ದರು.
ಅಷ್ಟು ವರ್ಷ ಬಿಚ್ಚದೆ ಇಟ್ಟಿದ್ದ ಒಂದು ಸಾಲನ್ನು
ದಾರ ಸುತ್ತಿ ಜೇಬಿಗಿಳಿಸಿದೆ.

ಈಗ ಕಿಟಕಿಯ ಹಲಗೆಯ ಮೇಲಿದೆ, ಬೆರಳಾಡಿಸಿದರೆ ಸಾಕು.
ಮೂರು ಪದ ಗೊತ್ತು.
ಎರಡನೆಯದರ ಅರ್ಥ ಕೇಳಿದ್ದೆ ಒಮ್ಮೆ.
ಐರಿಷಿನಲ್ಲಿ ಹುಡುಕಿದಳು, ಇಂಗ್ಲಿಷಿನಲ್ಲಿ ಹುಡುಕಿದಳು,
ಭುಜವನ್ನು ಚೂರೇ ಚೂರು ಮೇಲೆತ್ತಿ ಇಳಿಸಿ
"ಇದು" ಅಂದಳು.