ಇನ್ನೂರು ರೂಪಾಯಿಯ ನೊರೆ

ಹಿಂದಿನ ರಾತ್ರಿ ನಾನು ಮೂರು ಸಲ ಮುಳುಗಿದ್ದೆ.
ಚಾಪೆಯ ಮೇಲೆಯೇ, ಮೂಗು ಹಿಡಿದುಕೊಂಡು,
ಮನಸ್ಸಿನಲ್ಲೇ ಎಣಿಸುತ್ತ
ಇಪ್ಪತ್ತಾರಕ್ಕೆ ಉಸಿರು ಕಟ್ಟಿ ಎದ್ದು ಕೂತೆ.
ಬೀರುವಿನ ಕೀಲಿಕೈ ಅಕ್ಕಿ ಡಬ್ಬದಲ್ಲಿದೆ ಎಂದು
ಗಂಡನನ್ನು ಎಬ್ಬಿಸಿ ಹೇಳಿದೆ.
ಅವನು ಹ್ಞೂಂ ಎಂದು ಮಗ್ಗುಲಾದ.

ಶನಿವಾರಸಂತೆಯಿಂದ ಆರೂಕಾಲಕ್ಕೆ ಜೀಪು.
ಹೊಲಿಗೆ ಅಂಗಡಿಯ ಐವರೂ ಹೊರಟೆವು:
ಜುಲೇಖಾ, ಗಿರಿಜಕ್ಕ, ಫ್ಲಾವಿಯಾ,
ಕಾಜಾ ಹಾಕುವ ಹುಡುಗಿ ತಂಗಮಣಿ, ನಾನು.
ವೈಶಾಖದ ಮದುವೆಗಳಲ್ಲಿ
ಬ್ಲೌಸಿಗೆ ಹತ್ತು ರೂಪಾಯಿಯಂತೆ ಎತ್ತಿಟ್ಟು
ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಸಿದ ದುಡ್ಡು.
ಸೋಮವಾರಪೇಟೆಯ ತಿರುವಿನಲ್ಲಿ
ತಂಗಮಣಿ ವಾಂತಿ ಮಾಡಿದಳು.
ಶುಭಶಕುನ ಎಂದಳು ಗಿರಿಜಕ್ಕ.

ಹಾರಂಗಿಯ ಕೆಳಗೆ ಪಾರ್ಕು. ಬೋರ್ಡಿನಲ್ಲಿ
ನೊರೆ ಕಾರುವ ನದಿ, ಗಾಳಿಯಲ್ಲಿ ದೋಣಿ,
ಬಾಯಿ ತೆರೆದ ಆರು ಜನ.
ಬೋರ್ಡಿನ ಹಿಂದೆ
ಬಟ್ಟೆ ಜಾಲಾಡುವಷ್ಟು ನೀರು.

"ಮೇಲೆ ಗೇಟು ಬಿಟ್ಟಿಲ್ಲ" ಎಂದ ಕೌಂಟರಿನವನು,
ನಾವೇ ಬರುವಾಗ ಬಿಟ್ಟು ಬರಬೇಕಿತ್ತು ಎಂಬ ಹಾಗೆ.
ಟಿಕೆಟ್ಟು ಮಾತ್ರ ತುಂಬಿದ ಹೊಳೆಯ ರೇಟಿಗೇ.

ಲೈಫ್ ಜಾಕೆಟ್ ಕೊಟ್ಟರು, ಯಾರದೋ ಬೆವರು ಆರಿರಲಿಲ್ಲ.
ರೂಢಿ ನೋಡಿ, ಒಳಮೈ ತಿರುಗಿಸಿದೆ:
ಭುಜದಲ್ಲಿ ಹೊಲಿಗೆ ಬಿಟ್ಟಿದೆ,
ಕೊನೆಗೆ ರಿವರ್ಸ್ ಹೊಡೆದಿಲ್ಲ.
ಇದನ್ನು ನಂಬಿ ನೀರಿಗಿಳಿಯಬಾರದು ಎಂದುಕೊಂಡೆ.
ಆಮೇಲೆ ನೀರು ನೋಡಿ
ಮುಳುಗುವುದಕ್ಕೂ ಇಲ್ಲಿ ಅನುಕೂಲವಿಲ್ಲ ಅನ್ನಿಸಿತು.

ಗೈಡ್ ಹುಡುಗ ನಾಚಪ್ಪ ಪಾಠ ಒಪ್ಪಿಸಿದ:
ಬಿದ್ದರೆ ಕಾಲು ಮೇಲೆ, ಮುಖ ಆಕಾಶಕ್ಕೆ,
ಹಗ್ಗ ಬಿಡಬೇಡಿ, ಹೆದರಬೇಡಿ.
ಆಮೇಲೆ ಫಾರ್ವರ್ಡ್ ಫಾರ್ವರ್ಡ್ ಎಂದು ಕೂಗಿದ.
ಹುಟ್ಟುಗಳು ಕಲ್ಲು ಕೆರೆದವು.
ಮೂರನೆಯ ಬಂಡೆಯ ಮೇಲೆ ದೋಣಿ
ಕಾವಿಗೆ ಕೂತ ಕೋಳಿಯಂತೆ ಕೂತುಬಿಟ್ಟಿತು.

ಇಳಿದು ತಳ್ಳಿದೆವು.
ಜುಲೇಖಾಳ ಒಂದು ಚಪ್ಪಲಿ ಕಳಚಿ ತೇಲಿಹೋಯಿತು.
ಆ ದಿನ ಆ ಹೊಳೆಯಲ್ಲಿ
ಸರಾಗ ಸಾಗಿದ್ದು ಅದೊಂದೇ.

ಟ್ಯೂಬಿನದೂ ಅದೇ ಕತೆ.
ಲಾರಿಯ ಟ್ಯೂಬು, ಮೈತುಂಬ ಪಂಕ್ಚರ್ ತೇಪೆ,
ಕೂತರೆ ಸೊಂಟಕ್ಕೆ ನೆಲವೇ ಸಿಗುತ್ತಿತ್ತು.
ಗಿರಿಜಕ್ಕ ಅದರಲ್ಲೇ ಕಾಲು ಚಾಚಿ
ಇಡೀ ಪೊಟ್ಟಣ ಚಕ್ಕುಲಿ ಮುಗಿಸಿದಳು.

"ಜುಲೈನಲ್ಲಿ ಬನ್ನಿ ಅಕ್ಕಾ, ಆಗ ನೋಡಬೇಕು ಇದನ್ನ,"
ನಾಚಪ್ಪ ನಮ್ಮ ಮುಖ ನೋಡದೆ ಹೇಳಿದ,
ಹೊಳೆಯನ್ನೇ ನೋಡುತ್ತಿದ್ದ,
ಮಗ ಸಭೆಯಲ್ಲಿ ಪದ್ಯ ಮರೆತು ನಿಂತಾಗ
ತಾಯಿ ನೋಡುವ ಹಾಗೆ.
ಜುಲೈ ಎಂದರೆ ಆಷಾಢ, ತಮ್ಮಾ.
ಹೊಳೆ ತುಂಬುವಾಗ ನಮ್ಮ ಡಬ್ಬಿಯಲ್ಲಿ
ಬರೀ ಬಿಸ್ಕತ್ತಿನ ವಾಸನೆ.
ಅವನಿಗೆ ಹೇಳಲಿಲ್ಲ. ಬರುತ್ತೇವೆ ಎಂದೆ.

ಕೊನೆಗೆ ಫೋಟೋ.
ದೋಣಿಯನ್ನು ಎರಡು ಕಲ್ಲುಗಳ ನಡುವೆ ಸಿಕ್ಕಿಸಿ
ಹುಟ್ಟು ಮೇಲೆತ್ತಿ ಕಿರುಚಿ ಎಂದರು. ಕಿರುಚಿದೆವು.
ಬಂಡೆಯ ಹಿಂದೆ ಕುಕ್ಕರುಗಾಲಲ್ಲಿ ಕೂತ ಒಬ್ಬ
ಬಕೆಟ್ಟಿನಿಂದ ಮೊಗೆಮೊಗೆದು
ನಮ್ಮ ಮುಖಕ್ಕೆ ಎರಚಿದ.
ಒಂದು ಪ್ರತಿಗೆ ಇನ್ನೂರು.

ವಾಪಸ್ಸು ಜೀಪಿನಲ್ಲಿ ಎಲ್ಲರೂ ನಿದ್ದೆ.
ನನ್ನ ಮಡಿಲಲ್ಲಿ, ಕೊಂಡೊಯ್ದಿದ್ದ ಹೆದರಿಕೆ
ಮಡಿಕೆ ಬಿಚ್ಚದ ಸೀರೆಯಂತೆ ಹಾಗೇ ಇತ್ತು.
ಯಾವ ಅಂಗಡಿಯೂ ಅದನ್ನು ವಾಪಸ್ ತೆಗೆದುಕೊಳ್ಳದು.
ಮನೆಯಲ್ಲಿ ಕೇಳಿದೆ, ಕೀಲಿಕೈ ಎಲ್ಲಿದೆ ಹೇಳಿ?
ಯಾವ ಕೀಲಿಕೈ ಎಂದ ಗಂಡ.

ಈಗ ಆ ಫೋಟೋ
ಟ್ರಯಲ್ ಕನ್ನಡಿಯ ಪಕ್ಕ ತೂಗುತ್ತದೆ.
ಅದರಲ್ಲಿ ಮಹಾಪೂರ. ಫ್ಲಾವಿಯಾ ಕಾಣುವುದೇ ಇಲ್ಲ,
ಅಷ್ಟು ನೊರೆ.
ಅಳತೆ ಕೊಡಲು ಕೈಯೆತ್ತಿ ನಿಂತವರು
ತಪ್ಪದೆ ಕೇಳುತ್ತಾರೆ, ಅಯ್ಯೋ, ಹೆದರಿಕೆ ಆಗಲಿಲ್ವಾ?

ಆಯಿತು, ಎನ್ನುತ್ತೇನೆ, ಟೇಪು ಸುತ್ತುತ್ತ.
ಮೂರು ಸಲ ಮುಳುಗಿದೆ.

ತಂಗಮಣಿ ಕಾಜಾದಿಂದ ತಲೆಯೆತ್ತುವುದಿಲ್ಲ.
ಅವಳ ಭುಜ ಮಾತ್ರ
ಅಲುಗುತ್ತಿರುತ್ತದೆ.