ಬಿಳಿ ಅರಿವೆ

ಅನಸೂಯ ಟೀಚರ್ ಬ್ಯಾಗು ವಾಪಸು ತಂದರು,
ಜೊತೆಗೆ ಸೀರೆಯನ್ನೂ.
ಕೆನೆಬಣ್ಣದ ಕ್ರೇಪು, ಎಡಸೊಂಟದ ಹತ್ತಿರ
ಅಂಗೈಯಗಲ ಕೆಂಪು.
ಬೈಯಲಿಲ್ಲ. ಹಲಗೆಯ ಮೇಲೆ ಹರವಿ
"ನೋಡು ಗಂಗರತ್ನ" ಅಂದರು, ಅಷ್ಟೆ.
ಹಿಂದೂಪುರದ ಪ್ಯಾಸೆಂಜರು ಕೂಗಿ ಹೋಗುವ ತನಕ
ನೋಡುತ್ತಲೇ ಇದ್ದೆ.

ಗೌರಿಬಿದನೂರು, ಸ್ಟೇಷನ್ ರಸ್ತೆ,
ಎಂಟಡಿ ಅಂಗಡಿ ನನ್ನದು.
ಬೆಲ್ಟು, ಪರ್ಸು, ಸ್ಕೂಟರ್ ಕೀಲಿಗೊಂದು ತೊಗಲಿನ ಮೀನು.
ಈ ಬ್ಯಾಗಿಗೆ ಬಣ್ಣ ಬಳಿದದ್ದು ಸೋಮವಾರ,
ಕೊಟ್ಟದ್ದು ಮಂಗಳವಾರ.
ಒಂದೇ ಸಲ, ದಪ್ಪಗೆ,
ದಾಸವಾಳ ನಾಚಿ ಮುದುಡುವ ಹಾಗೆ.
ಆ ಹೊಳಪಿಗೆ ಮೊದಲು ಮರುಳಾದವಳು ನಾನೇ.

ಚಿಕ್ಕಪ್ಪ ಪಿಳ್ಳಾಂಜಿನಪ್ಪ ಬ್ಯಾಗನ್ನು ಮೂಸಿದ.
ಕಣ್ಣಿಗೆ ಪೊರೆ ಬಂದಮೇಲೆ
ಅವನು ಚರ್ಮ ಓದುವುದು ಮೂಗಿನಲ್ಲಿ.
"ಉಣ್ಣೋಕೆ ಬಿಡಲಿಲ್ಲ ಪಾಪಾ, ಬಾಯಿಗೆ ತುರುಕಿದ್ದೀಯ.
ಉಂಡಿದ್ದು ಮೈಗೆ,
ಮಿಕ್ಕಿದ್ದು ಮಂದಿ ಸೀರೆಗೆ.
ತಾ, ಬಿಳಿ ಅರಿವೆ."

ಹಳೇ ಪಂಚೆಯ ತುಂಡು ಕೊಟ್ಟೆ.
ಒರೆಸು ಅಂದ. ಒರೆಸಿದೆ. ಕೆಂಪು.
ಮಡಿಕೆ ತಿರುವು ಅಂದ. ಕೆಂಪು.
ಇನ್ನೊಂದು ಮಡಿಕೆ. ಇಟ್ಟಿಗೆಪುಡಿಯ ಕೆಂಪು.
ಮೊಣಕೈ ಜೋಮು ಹಿಡಿಯುವ ಹೊತ್ತಿಗೆ
ಮಗುವಿನ ಒಸಡಿನಷ್ಟು.
"ಬಿಳಿಯಾಗಿ ಹೋದದ್ದು ಬಿಳಿಯಾಗೇ ಬರಬೇಕು.
ಅಲ್ಲೀತಂಕ ಅದು ಬಣ್ಣವಲ್ಲ,
ಬಣ್ಣದ ವೇಷ ಹಾಕಿದ ಧೂಳು."

ಟೀಚರಿಗೆ ಹೊಸ ಬ್ಯಾಗೇ ಹೊಲಿಯಲು ಕೂತೆ.
ಸ್ಪಿರಿಟ್ಟಿನಲ್ಲಿ ಒರೆಸಿ ಕಾರ್ಖಾನೆಯ ನುಣುಪು ತೆಗೆದೆ,
ಬಣ್ಣವನ್ನು ಮಜ್ಜಿಗೆಯ ಹಾಗೆ ತೆಳ್ಳಗೆ ಮಾಡಿ
ಒಂದು ಕೈ ಉದ್ದಕ್ಕೆ, ಒಂದು ಕೈ ಅಡ್ಡಕ್ಕೆ.
ಬಿಸಿಲಿಗಿಡದೆ ಮಂಚದ ಕೆಳಗೆ ಒಣಗಿಸಿದೆ.
ಮೂರು ರಾತ್ರಿ ಅದರ ವಾಸನೆಯ ಮೇಲೆ ಮಲಗಿ
ಕನಸೆಲ್ಲ ಕಂದುಬಣ್ಣ.
ಆಮೇಲೆ ಒರೆಸು, ಒರೆಸು.
ಆಮೇಲೆ ಜೇನುಮೇಣ, ಕೈಬಿಸಿಯಲ್ಲೇ ಕರಗುವಷ್ಟು.
ಪಟ್ಟಿಯ ಅಡಿಗೂ, ಕತ್ತರಿಸಿದ ಅಂಚಿಗೂ,
ಯಾರೂ ನೋಡದ ಒಳಮೈಯ ನವಿರಿಗೂ.
ಹೆಗಲಿಗೆ ಉಜ್ಜುವುದು ಅದೇ ತಾನೆ.

ಮೇಣ ತಿಕ್ಕುವಾಗ ಚಿಕ್ಕಪ್ಪ ಒಬ್ಬನೇ ನಕ್ಕ.
"ಹಳ್ಳೀಲಿದ್ದಾಗ ದೊಡ್ಡಮನೆಗೆ ಮೆಟ್ಟು ಕೊಡ್ತಿದ್ದೆ.
ಜಗಲಿ ಅಂಚಿಗೆ ಇಡಬೇಕು, ಹತ್ತು ಮಾರು ಸರೀಬೇಕು.
ನನ್ನ ಕೈ ಮುಟ್ಟಿದ್ದಕ್ಕೆ ಮೆಟ್ಟಿನ ಮೇಲೆ
ಒಂದು ಚೊಂಬು ನೀರು ಸುರಿದು, ಆಮೇಲೆ ಕಾಲು ತೂರ್ಸೋರು.
ಕಗ್ಗಲಿ ಚಕ್ಕೆ ಕುದಿಸಿದ ಕೆಂಪು.
ನೀರು ಬಿದ್ದರೆ ಬಿಡದೆ ಇರುತ್ತಾ?
ಯಜಮಾನನ ಅಂಗಾಲು ಮೂರು ದಿನ
ಮದುವೆ ಹೆಣ್ಣಿನ ಅಂಗಾಲು!
ಅಂಟವಾಳ ಹಾಕಿ ತಿಕ್ಕಿದ್ದೇ ತಿಕ್ಕಿದ್ದು."

ನಾನೂ ನಕ್ಕೆ.
"ಆಗ ಮೇಣದ ವಿಷಯ ಗೊತ್ತಿರಲಿಲ್ವಾ ಚಿಕ್ಕಪ್ಪಾ?"

ಅವನು ಬೆರಳ ತುದಿಯಲ್ಲಿ ಬ್ಯಾಗಿನ ಹೊಲಿಗೆ ಎಣಿಸುತ್ತ
ಬಹಳ ಹೊತ್ತು ಸುಮ್ಮನಿದ್ದ.
"ಮೇಣ ನಮ್ಮಪ್ಪ ಕಲಿಸಿದ್ದು.
ಆಗ ನನಗೆ ಒಂಬತ್ತು ವರ್ಷ."

ಮತ್ತೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.
ಹೊರಗೆ ಗೂಡ್ಸುಗಾಡಿ, ಡಬ್ಬಿ ಎಣಿಸಿದರೆ ಮುಗಿಯದ್ದು.

ಶನಿವಾರ ಬಿಳಿ ಕುಪ್ಪಸ ತೊಟ್ಟು
ಬ್ಯಾಗು ಹೆಗಲಿಗೇರಿಸಿ
ಸ್ಟೇಷನ್ನಿಂದ ಸಂತೆಬೀದಿಗೆ, ಸಂತೆಬೀದಿಯಿಂದ ಸ್ಟೇಷನ್ನಿಗೆ
ಬೇಕೆಂದೇ ಬೆವರುತ್ತ ನಡೆದೆ.
ಮೂರು ಸೇರು ಕಡಲೆಕಾಯಿ ತುಂಬಿಸಿದ್ದೆ ಭಾರಕ್ಕೆ.
ಮನೆಗೆ ಬಂದು ಕುಪ್ಪಸ ಕಳಚಿ ಬೆಳಕಿಗೆ ಹಿಡಿದರೆ
ಹೆಗಲ ಹತ್ತಿರ ಏನೋ ಇದೆ.
ಇದೆಯೋ, ಇಲ್ಲವೋ.

ಟೀಚರಿಗೆ ಫೋನು ಮಾಡಿ ಗುರುವಾರ ಅಂದೆ.
"ಯಾವ ಗುರುವಾರ?" ಅಂದರು.
ಆ ಸೀರೆಯನ್ನೇ ಉಟ್ಟು ಶಾಲೆಗೆ ಹೋಗಿದ್ದರಂತೆ,
ಕೆಂಪನ್ನು ನೆರಿಗೆಯೊಳಗೆ ಸೇರಿಸಿ.

ಹೊಸ ಅರಿವೆ ಹರಿದುಕೊಂಡು
ಮತ್ತೆ ಕೂತೆ.