ಮೂರನೆಯ ಸ್ಲಾಟ್ ಅಳಿಸಬೇಡ

ನಿನ್ನ ಮಾವನ ಹಳೇ ಮಿಷನ್ ರಿಪೇರಿ ಆಯಿತು ರಿಫಾ,
ಹಾಕಿ ಆಡಲಿಕ್ಕೆ ಫುಟ್‌ಬಾಲ್ ಕೇಳಬೇಡ.
ಎರಡು ಸಾವಿರದ ಒಂಬತ್ತರಲ್ಲಿ ಉಪ್ಪಳದ ಅರ್ಧ ಹುಡುಗರು
ಅದೊಂದಕ್ಕೇ ಈ ಬೆಂಚಿನಲ್ಲಿ ಸಾಲು ಕೂತದ್ದು,
ಇನ್ನರ್ಧ ಕಾರು ಕದಿಯುವ ಆಟಕ್ಕೆ.
ಅಂದುಂಞಿಚ್ಚ ಗಂಟೆಗೆ ಹದಿನೈದು ರೂಪಾಯಿ ಎಣಿಸಿ
ಬಿಸ್ಕತ್ತಿನ ಡಬ್ಬಕ್ಕೆ ಹಾಕುತ್ತಿದ್ದರು.
ನಾನು ಆಗ ವೈರು ಸುತ್ತುವವ.

ಆ ಪೆಟ್ಟಿಗೆ ಕೆಳಗಿಳಿಸು. ಮೇಲಿನದಲ್ಲ, ಹಗ್ಗ ಕಟ್ಟಿದ್ದು.
ಶಾರ್ಜಾದಿಂದ ಬಂದವರ ಸೂಟ್‌ಕೇಸಿನಲ್ಲಿ
ಸೆಂಟಿನ ಬಾಟಲಿ ಒಡೆಯದಂತೆ ನಡುವೆ ತುರುಕಿ ತಂದ ಡಿಸ್ಕುಗಳು.
ಆ ವರ್ಷ ಯಾರೂ ಕೇಳದೆ ಉಳಿದವು.
ಮೂಸಿ ನೋಡು, ಈಗಲೂ ಅತ್ತರು.

ಇದು ದೀಪಸ್ತಂಭದ್ದು.
ರಾತ್ರಿ ದೀಪ ಹಚ್ಚಬೇಕು, ಬೆಳಗ್ಗೆ ಆರಿಸಬೇಕು,
ನಡುವೆ ಗಾಜು ಒರೆಸಬೇಕು. ಅಂಕ ಗಿಂಕ ಇಲ್ಲ.
"ಎಂತ ಸಾವು ಇದು" ಎಂದು ಲತೀಫ
ಅರ್ಧ ಗಂಟೆಯ ಹಣ ವಾಪಸು ಕೇಳಿದ.
ನಲವತ್ತೊಂದನೆಯ ರಾತ್ರಿ, ದೂರದಲ್ಲಿ, ಒಂದು ಹಡಗು
ಒಮ್ಮೆ ಕೊಂಬು ಊದುತ್ತದೆ.
ಅದನ್ನು ಕೇಳಿದವ ಮಂಜೇಶ್ವರದಿಂದ ಕುಂಬಳೆಯವರೆಗೆ
ನಾನೊಬ್ಬನೇ ಇರಬೇಕು.
ಕೇಳಿ ಎದ್ದು ನಿಂತೆ. ಯಾಕೆ ಅಂತ ಕೇಳಬೇಡ.

ಇದು ಜಪಾನಿನ ಅಂಚೆಯವನದ್ದು. ಒಂದಕ್ಷರ ತಿಳಿಯುವುದಿಲ್ಲ.
ಉಪ್ಪಳದವರಿಗೆ ಅದೊಂದು ತೊಂದರೆಯಾ?
ಬಾಗಿಲಲ್ಲಿ ಮುದುಕಿಯೊಬ್ಬಳು ಕೈ ಬೀಸುತ್ತಾಳೆ.
ಬೈಯುವುದು ಅಂತ ಸದಾಶಿವ, ತುಳುವಿನಲ್ಲಿ.
ಊಟಕ್ಕೆ ಕರೆಯುವುದು ಅಂತ ಅಂದುಂಞಿಚ್ಚ, ಮಲಯಾಳದಲ್ಲಿ.
ಉರ್ದು ಮಾತಾಡುವ ಅಣ್ಣತಮ್ಮ ಇಬ್ಬರು
ಕಾಗದವೇ ಪಕ್ಕದ ಮನೆಯದ್ದೆಂದು ಜಗಳಕ್ಕೆ ನಿಂತರು.
ನಾಲ್ಕು ಭಾಷೆಯಲ್ಲಿ ಯೋಚಿಸಿ
ಮಧ್ಯಾಹ್ನವಿಡೀ ತಪ್ಪು ಮನೆಗಳಿಗೆ ಕಾಗದ ಹಂಚಿದೆವು.
ಮುದುಕಿ ಒಂದನ್ನೂ ಹಿಂದೆ ಕೊಡಲಿಲ್ಲ.

ಬಸ್ಸಿನ ಆಟ ಕೆಟ್ಟದ್ದು. ಸುಳ್ಳು ಹೇಳುವುದಿಲ್ಲ.
ಸ್ಟಿಯರಿಂಗ್ ಎಡಕ್ಕೆಳೆಯುತ್ತದೆ, ಜನಕ್ಕೆಲ್ಲ ಒಂದೇ ಮುಖ.
ಆದರೆ ಮೂರನೆಯ ಸೇತುವೆಗೆ ಒಂದು ಬದಿ
ತಡೆಗೋಡೆ ಹಾಕಲು ಮರೆತಿದ್ದಾರೆ.
ಅಲ್ಲಿ ತಿರುಗಿಸು. ಬಸ್ಸು ಬೀಳುತ್ತದೆ, ಬೀಳುತ್ತಲೇ ಇರುತ್ತದೆ,
ಸುತ್ತ ಬೂದು ಬಣ್ಣ ಬಿಟ್ಟರೆ ಏನೇನೂ ಇಲ್ಲ,
ಕಂಡಕ್ಟರು ಮಾತ್ರ
ಟಿಕೇಟು ಹರಿಯುತ್ತಲೇ ಇದ್ದಾನೆ.
ಅದೊಂದಕ್ಕೆ ಕೊಂಡು ಹೋಗು.

ಮತ್ತೆ ಇದು. ದೋಣಿ, ಗಾಳ, ಮೀನು. ಸಾಧಾರಣ.
ಜೊತೆಗೆ ಈ ಮೆಮೊರಿ ಕಾರ್ಡು.
ಪಕ್ಕದಲ್ಲಿ ಬೀಡಿ ಡಿಪೋ ಇತ್ತು, ನಿನಗೆ ಗೊತ್ತಿರಲಿಕ್ಕಿಲ್ಲ.
ಶನಿವಾರ ಕಟ್ಟು ಒಪ್ಪಿಸಲು ಬರುವ ಮುಳಿಂಜದ ವಾರಿಜಕ್ಕ,
ಅಲ್ಲಿ ಲೆಕ್ಕದವ ಎಣಿಸಿ, ಆಗದ್ದನ್ನು ಮುರಿದು ಬಿಸಾಡಿ,
ಚೀಟಿ ಬರೆಯುವಷ್ಟು ಹೊತ್ತು
ಇಲ್ಲಿ ಕೂತು ಆಡುತ್ತಿದ್ದಳು.
ಮೊದಲ ದಿನ ಫ್ಯಾನಿನ ಗಾಳಿಗೆ ಬಂದದ್ದು.
ಒಂದು ಮೀನೂ ಹಿಡಿಯಲಿಲ್ಲ.
"ಇವನ್ನು ಸುಮ್ಮನೆ ಬಿಟ್ಟರೆ ಆಗುವುದಿಲ್ಲವಾ" ಎಂದು
ಗಾಳ ಎತ್ತಿಟ್ಟು
ದೋಣಿಯನ್ನು ನಕ್ಷೆಯ ಅಂಚಿಗೆ ಒಯ್ದಳು,
ಶನಿವಾರಕ್ಕೆ ಇಷ್ಟಿಷ್ಟೇ,
ಆಟ ಮಾಡಿದವರೇ ಒಂದು ಬಂಡೆಯನ್ನೂ ಇಡದ ಕಡೆಗೆ.
ಸೇವ್ ಮಾಡಲು ನಾನು ಕಲಿಸಿದೆ.
ಎಲೆ ಸುತ್ತಿ ಸುತ್ತಿ ಬೆರಳ ತುದಿ ನಯವಾಗಿ
ಗುಂಡಿ ಜಾರುತ್ತದೆ ಎನ್ನುತ್ತಿದ್ದಳು.

ಡಿಪೋ ಮುಚ್ಚಿತು. ಎಷ್ಟೋ ವರ್ಷದ ಮೇಲೆ
ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು.
"ನನ್ನ ದೋಣಿ ಉಂಟಾ?"
"ಉಂಟು."
ಅಷ್ಟರಲ್ಲಿ ತಲಪಾಡಿಯ ಬಸ್ಸು ಬಂತು.

ಒಂದು ಮತ್ತು ಎರಡು ನಿನ್ನದು, ಬೇಕಾದ್ದು ಬರೆ.
ಮೂರನೆಯದನ್ನು ತೆರೆದು ನೋಡಿದರೆ ಅಡ್ಡಿಲ್ಲ,
ಮನಸ್ಸಾದರೆ ನಾಲ್ಕು ಹುಟ್ಟು ಹಾಕು.
ಅದರ ಮೇಲೆ ಬರೆಯಬೇಡ, ಅಷ್ಟೇ.
ಡಿಸ್ಕು ಒರೆಸುವಾಗ ಸುತ್ತ ಸುತ್ತ ಉಜ್ಜಬಾರದು,
ನಡುವಿನಿಂದ ಅಂಚಿಗೆ.
ಎಡದ ಗುಂಡಿ ಸ್ವಲ್ಪ ಅಂಟುತ್ತದೆ.
ಹಣ ಸೋಮವಾರ ಕೊಡು.